ಹಳೇ ಗಾಡಿ, ನಿಮ್ಮ ಪ್ರಶ್ನೆ: ಚಿಮಟಾದ ಒಳಗೆ ಗ್ರೀಸ್ ತಲುಪಿದೆಯಾ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗದ ಬಗ್ಗೆ ಬಂದಿವೆ. ಹಿಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದುಕೊಂಡು, ಇಂಜಿನ್ ಹಿಂದೆ ಫ್ರೇಮಿಗೆ ಬಾಗಿಲಿನ ಹಾಗೆ ಕೀಲು ಹಾಕಿಕೊಂಡು, ಹೊಂಡ ಬಂದಾಗ ಮೇಲೆ ಕೆಳಗೆ ಆಡುವ ಕಬ್ಬಿಣದ ತೋಳು. ಪುಸ್ತಕದಲ್ಲಿ ಅದು ಸ್ವಿಂಗ್ ಆರ್ಮ್. ನಮ್ಮ ಕಲಬುರಗಿ ಗ್ಯಾರೇಜುಗಳಲ್ಲಿ ಚಿಮಟಾ. ಹಳೇ ಗಾಡಿ ಇಟ್ಟವರು ಇಂಜಿನ್ ಶಬ್ದ ಕೇಳುತ್ತಾರೆ, ಕಾರ್ಬುರೇಟರ್ ಬಿಚ್ಚುತ್ತಾರೆ, ಟ್ಯಾಂಕ್ ಒರೆಸುತ್ತಾರೆ. ಚಿಮಟಾದ ಕಡೆ ಯಾರೂ ಬಗ್ಗಿ ನೋಡುವುದಿಲ್ಲ. ಈ ಸಲ ಇಷ್ಟು ಜನ ಕೇಳಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಪ್ರಶ್ನೆ: ನಮ್ಮ ತಂದೆಯವರ ಬುಲೆಟ್ 1974ರದ್ದು. ತಿಂಗಳಿಗೊಮ್ಮೆ ಚಿಮಟಾಕ್ಕೆ ಗ್ರೀಸ್ ಹಾಕುವ ಸಣ್ಣ ಮೂತಿ, ಅಂದರೆ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದು ಎರಡು ಸಲ ಒತ್ತುತ್ತೇನೆ. ಆದರೂ ತಿರುವಿನಲ್ಲಿ ಹಿಂದಿನ ಭಾಗ ಅಲ್ಲಾಡುತ್ತದೆ, ಯಾರೋ ಸೀಟ್ ಹಿಡಿದು ಪಕ್ಕಕ್ಕೆ ಎಳೆದ ಹಾಗೆ. ಎರಡು ವರ್ಷದ ಹಿಂದೆ ಲೇಥ್‌ನಲ್ಲಿ ಹೊಸ ಬುಶ್ (ಕೀಲಿನೊಳಗೆ ಕೂರುವ ಗಿಡ್ಡ ಕೊಳವೆ) ಮಾಡಿಸಿದ್ದೆ. ಈಗ ಮತ್ತೆ ಬುಶ್ ಹೋಗಿದೆ ಅನ್ನುತ್ತಾರೆ. ಇಷ್ಟು ಗ್ರೀಸ್ ಹಾಕಿದರೂ ಹೇಗೆ ಸವೆಯುತ್ತದೆ?
(ಶಾಲಾ ಶಿಕ್ಷಕರು, ಜೇವರ್ಗಿ)

ಮಾಸ್ತರ್ರೇ, ನೀವು ಗ್ರೀಸ್ ಹಾಕಿದ್ದು ನಿಜ. ಅದು ಬುಶ್‌ಗೆ ತಲುಪಿಲ್ಲ ಅನ್ನೋದು ನನ್ನ ಅನುಮಾನ.

ಒಳಗೆ ಏನಿದೆ ನೋಡಿ. ಹಳೇ ಬುಲೆಟ್‌ನ ಚಿಮಟಾದಲ್ಲಿ ಎರಡೂ ತುದಿಗೆ ಒಂದೊಂದು ಕಂಚಿನ ಬುಶ್. ಅವುಗಳ ಒಳಗೆ ಒಂದು ದಪ್ಪ ಉಕ್ಕಿನ ಪೈಪ್. ಪೈಪಿನ ಒಳಗೆ ಉದ್ದನೆಯ ಬೋಲ್ಟ್. ಎರಡೂ ಪಕ್ಕಕ್ಕೆ ಗಟ್ಟಿ ಉಕ್ಕಿನ ವಾಷರ್. ಬೋಲ್ಟ್ ಬಿಗಿದಾಗ ಪೈಪ್ ಫ್ರೇಮಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಅದರ ಮೇಲೆ ಬುಶ್ ಸಮೇತ ಚಿಮಟಾ ಆಡುತ್ತದೆ. ಎರಡು ಬುಶ್‌ಗಳ ನಡುವೆ ಪೈಪಿನ ಸುತ್ತ ಖಾಲಿ ಜಾಗ ಇರುತ್ತದೆ. ನಿಪ್ಪಲ್‌ನಿಂದ ಹೋದ ಗ್ರೀಸ್ ಮೊದಲು ಬೀಳುವುದು ಆ ಖಾಲಿ ಜಾಗಕ್ಕೆ. ಅದು ತುಂಬುವ ತನಕ ಬುಶ್‌ಗೆ ಒಂದು ಹನಿಯೂ ಹೋಗುವುದಿಲ್ಲ. ತಿಂಗಳಿಗೆ ಎರಡು ಒತ್ತು ಹಾಕಿದ ಗ್ರೀಸ್ ಅಲ್ಲೇ ಕೂತು, ಒಣಗಿ, ಹಳೇ ಮೇಣದ ಹಾಗೆ ಆಗಿರುತ್ತದೆ.

ಇದು ನನಗೆ ಗೊತ್ತಾದದ್ದು ನಮ್ಮ ಅಪ್ಪನ ಬುಲೆಟ್‌ನಿಂದಲೇ. ನನಗಾಗ ಇಪ್ಪತ್ತೆರಡು ವರ್ಷ. ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿ ಒಂದು ಮಳೆಗಾಲ ಕಳೆದಿತ್ತು. ಪ್ರತಿ ಭಾನುವಾರ ಅಪ್ಪನ ಗಾಡಿಗೆ ಗ್ರೀಸ್ ಹೊಡೆಯುತ್ತಿದ್ದೆ. ನಿಪ್ಪಲ್ ಪಕ್ಕದಿಂದ ಗ್ರೀಸ್ ಸುರುಳಿಯಾಗಿ ಹೊರಗೆ ಬರುತ್ತಿತ್ತು. ತುಂಬಿತು ಅಂದುಕೊಂಡು ಒರೆಸಿ ಬಿಡುತ್ತಿದ್ದೆ. ಒಂದು ದಿನ ಆಳಂದ ರಸ್ತೆಯಲ್ಲಿ ತೊಗರಿ ಚೀಲ ಹೇರಿಕೊಂಡು ಬರುವಾಗ ಗಾಡಿ ಬಾಲ ಬೀಸಿತು. ಅಪ್ಪ ಕಾಲು ಊರಿ ಹೇಗೋ ನಿಲ್ಲಿಸಿದರು. ಮನೆಗೆ ಬಂದು ಚಿಮಟಾ ಬಿಚ್ಚಿದೆವು. ಪೈಪಿನ ನಡುಭಾಗಕ್ಕೆ ಹಳೇ ಗ್ರೀಸ್ ಕರ್ರಗೆ ಅಂಟಿತ್ತು. ಎಡಗಡೆ ಬುಶ್ ಕೂರುವ ಜಾಗ ಒಣ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಪ್ಪ ಪೈಪನ್ನು ಧೋತರದ ಅಂಚಿನಿಂದ ಒರೆಸಿದರು. ಬೆಳಕಿಗೆ ಹಿಡಿದು ಹೆಬ್ಬೆರಳ ಉಗುರಿನಿಂದ ಉದ್ದಕ್ಕೆ ಎಳೆದರು. ಬುಶ್ ಶುರುವಾಗುವ ಕಡೆ ಉಗುರು ಟಕ್ ಅಂತ ನಿಂತಿತು. ಮೆಟ್ಟಿಲು ಬಿದ್ದಿತ್ತು. ನಾನು ಅಷ್ಟು ದಿನ ಹಾಕಿದ ಗ್ರೀಸ್ ನಿಪ್ಪಲ್ ದಾಟಿರಲೇ ಇಲ್ಲ. ಅದರೊಳಗಿನ ಸಣ್ಣ ಗುಂಡು ಕೆಸರಿಗೆ ಸಿಕ್ಕಿಕೊಂಡಿತ್ತು.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಗನ್ ಎಷ್ಟು ಸಲ ಒತ್ತಿದೆ ಅಂತ ಎಣಿಸುವುದಿಲ್ಲ. ಹೊಸ ಗ್ರೀಸ್ ಎರಡೂ ತುದಿಯ ವಾಷರ್ ಹತ್ತಿರ ಉಂಗುರದ ಹಾಗೆ ಹೊರಗೆ ಬಂತಾ ಅಂತ ನೋಡುತ್ತೇನೆ. ಒಂದೇ ಕಡೆ ಬಂದರೆ ಇನ್ನೊಂದು ಕಡೆ ಉಪವಾಸ ಇದೆ ಅಂತ ಅರ್ಥ. ಗ್ರೀಸ್ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಸವೆದು ಸಡಿಲಾದ ಬುಶ್ ಕಡೆಯೇ ಎಲ್ಲಾ ಹರಿದು ಹೋಗಿ, ಬಿಗಿಯಾದ ಕಡೆ ಏನೂ ಹೋಗದೇ ಇರಬಹುದು.

ಈಗ ನಿಮ್ಮ ಗಾಡಿಗೆ ಬರೋಣ. ಬುಶ್ ಹೋಗಿದೆ ಅಂತ ಯಾರೋ ಹೇಳಿದರೆ ನಂಬಬೇಡಿ, ನೀವೇ ಕೈಯಿಂದ ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ. ಒಂದು ಕೈಯಿಂದ ಫ್ರೇಮ್ ಹಿಡಿದು, ಇನ್ನೊಂದು ಕೈಯಿಂದ ಚಿಮಟಾದ ಹಿಂದಿನ ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಟಾಯರ್ ಹಿಡಿದು ಅಲ್ಲಾಡಿಸಿದರೆ ಚಕ್ರದ ಬೇರಿಂಗ್ ಸಡಿಲವೂ ಸೇರಿ ಮೋಸ ಮಾಡುತ್ತದೆ. ಬೇರಿಂಗ್ ಹೋಗಿದ್ದರೆ ಚಕ್ರ ಮಾತ್ರ ಆಡುತ್ತದೆ, ಚಿಮಟಾ ಆಡುವುದಿಲ್ಲ. ಚಿಮಟಾ ಉದ್ದನೆಯ ಸನ್ನೆಗೋಲು ಇದ್ದ ಹಾಗೆ. ಬುಶ್ ಹತ್ತಿರ ಕಣ್ಣಿಗೆ ಕಾಣದಷ್ಟು ಸಡಿಲ ಇದ್ದರೂ ಚಕ್ರದ ಹತ್ತಿರ ಅದು ಎರಡು ಮೂರು ಪಟ್ಟು ಆಗಿರುತ್ತದೆ. ತಿರುವಿನಲ್ಲಿ ನಿಮ್ಮ ಸೀಟ್ ಹಿಡಿದು ಎಳೆಯುವುದು ಇದೇ.

ಆಡುತ್ತಿದೆ ಅಂತಾದರೆ ಬಿಚ್ಚಲೇಬೇಕು. ಚಕ್ರ ತೆಗೆಯಿರಿ, ಚೈನ್ ಬಿಡಿಸಿ, ಎರಡೂ ಶಾಕಪ್‌ಗಳ ಕೆಳಗಿನ ನಟ್ ತೆಗೆದು ಹಿಂದಕ್ಕೆ ಕಟ್ಟಿ. ಬೋಲ್ಟ್ ತೆಗೆಯುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ, ಇದು ನನಗೆ ಬಹಳ ಇಷ್ಟದ ಪರೀಕ್ಷೆ. ಬರಿ ಚಿಮಟಾವನ್ನು ನೆಲಕ್ಕೆ ಸಮ ಆಗುವಷ್ಟು ಎತ್ತಿ ಕೈ ಬಿಡಿ. ಸರಿಯಾಗಿ ಗ್ರೀಸ್ ಉಂಡ ಚಿಮಟಾ ನಿದ್ದೆಗಣ್ಣಿನವರು ಮಲಗಿದ ಹಾಗೆ ನಿಧಾನಕ್ಕೆ, ಎಲ್ಲೂ ತಡೆಯದೆ ಇಳಿಯುತ್ತದೆ. ದಡಕ್ಕನೆ ಬಿದ್ದರೆ ಸಡಿಲ. ಅರ್ಧಕ್ಕೆ ನಿಂತರೆ ಒಳಗೆ ಹಿಡಿದಿದೆ.

ಪೈಪ್ ಹೊರಗೆ ಬಂದ ಮೇಲೆ ಉಗುರಿನ ಪರೀಕ್ಷೆ. ಮೆಟ್ಟಿಲು ಸಿಕ್ಕರೆ ಪೈಪ್ ಮತ್ತು ಬುಶ್ ಎರಡೂ ಒಟ್ಟಿಗೆ ಬದಲಿಸಿ. ಸವೆದ ಪೈಪಿಗೆ ಹೊಸ ಬುಶ್ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಬುಲೆಟ್‌ನಲ್ಲಿ ಚೈನ್ ಎಡಗಡೆ ಇರುವುದರಿಂದ ಅದರ ಎಳೆತವೆಲ್ಲಾ ಎಡಗಡೆ ಬುಶ್ ಮೇಲೆ. ಅದನ್ನೇ ಮೊದಲು ನೋಡಿ.

ಇನ್ನು ನೀವು ಲೇಥ್‌ನಲ್ಲಿ ಮಾಡಿಸಿದ ಬುಶ್. ಅದರೊಳಗೆ ಗ್ರೀಸ್ ಹರಿಯಲು ತೋಡು ಕಡೆದಿದ್ದಾರಾ ನೋಡಿ. ನಾನು ನೋಡಿದ ಎಷ್ಟೋ ಬುಶ್‌ಗಳು ಒಳಗೆ ಬಳೆಯ ಹಾಗೆ ನುಣ್ಣಗೆ ಇದ್ದವು. ಪೈಪಿನ ಮೇಲೆ ಬಿಗಿಯಾಗಿ ಕೂತರೆ ಗ್ರೀಸ್ ಒಳಗೆ ನುಸುಳಲು ಜಾಗವೇ ಇಲ್ಲ. ಎರಡು ವರ್ಷಕ್ಕೆ ಬುಶ್ ಹೋಗುವುದಕ್ಕೆ ಇದೊಂದೇ ಸಾಕು. ಲೇಥಿನವರಿಗೆ ಹಳೇ ಬುಶ್ ಅಳತೆ ಕೊಟ್ಟು ಸುಮ್ನೆ ಬರಬೇಡಿ, ಒಳಗೆ ತೋಡು ಬೇಕು ಅಂತ ಕಾಗದದ ಮೇಲೆ ಬರೆದು ಕೊಡಿ. ಬುಶ್ ಒತ್ತಿ ಕೂರಿಸಿದ ಮೇಲೆ ಅದರ ಒಳ ಅಳತೆ ಸ್ವಲ್ಪ ಕುಗ್ಗುತ್ತದೆ. ಆಗ ತೂತನ್ನು ಒಳಗಿನಿಂದ ಸವರಿ ಹಿಗ್ಗಿಸುವ ಒಂದೇ ಉದ್ದ ರೀಮರ್‌ನಿಂದ ಎರಡೂ ಬುಶ್‌ಗಳನ್ನು ಒಂದೇ ಸಾಲಿನಲ್ಲಿ ಬಿಡಿಸಬೇಕು. ಎಣ್ಣೆ ಸವರಿದ ಪೈಪ್ ಹೆಬ್ಬೆರಳಿನಿಂದ ತಳ್ಳಿದರೆ ಒಳಗೆ ಹೋಗಬೇಕು, ಹೋದ ಮೇಲೆ ತೂಗಾಡಬಾರದು. ಬುಶ್ ಕೂರಿಸಲು ಸುತ್ತಿಗೆ ಬೇಡ. ಉದ್ದ ಬೋಲ್ಟ್, ಎರಡು ದಪ್ಪ ವಾಷರ್, ಒಂದು ನಟ್ ಇದ್ದರೆ ಪಾನಾ ತಿರುಗಿಸಿಯೇ ಒಳಗೆ ಎಳೆಯಬಹುದು.

ಪೈಪಿನ ಉದ್ದವನ್ನೂ ನೋಡಿ. ಅದು ಚಿಮಟಾಕ್ಕಿಂತ ಒಂದು ಕೂದಲೆಳೆಯಷ್ಟು ಉದ್ದ ಇರಬೇಕು. ಗಿಡ್ಡ ಇದ್ದರೆ ನಟ್ ಬಿಗಿದ ತಕ್ಷಣ ಚಿಮಟಾ ಹಿಡಿಯುತ್ತದೆ. ಆಗ ಮೆಕ್ಯಾನಿಕ್ ನಟ್ ಸಡಿಲ ಬಿಟ್ಟು ಕಳಿಸುತ್ತಾನೆ. ಅದು ತಪ್ಪು. ನಟ್ ಪೂರ್ತಿ ಬಿಗಿಯಬೇಕು, ಬಿಗಿದ ಮೇಲೂ ಚಿಮಟಾ ಸಲೀಸಾಗಿ ಆಡಬೇಕು.

ಜೋಡಿಸುವ ಮುಂಚೆ ನಡುವಿನ ಖಾಲಿ ಜಾಗಕ್ಕೆ ಕೈಯಿಂದಲೇ ಗ್ರೀಸ್ ತುಂಬಿ. ಬುಶ್ ಒಳಗೆ ಬೆರಳಿನಿಂದ ಸವರಿ. ಆಮೇಲೆ ಗನ್ ಹಿಡಿದರೆ ನಾಲ್ಕೈದು ಒತ್ತಿಗೇ ಎರಡೂ ಕಡೆ ಉಂಗುರ ಕಾಣುತ್ತದೆ. ಡಿಪೋದಲ್ಲಿ ಬಸ್ಸಿನ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯುವಾಗ ನಮ್ಮ ಹಿರಿಯ ಮೆಕ್ಯಾನಿಕ್ ಮೊದಲು ಜಾಕ್ ಕೊಡಿಸುತ್ತಿದ್ದರು. ಭಾರ ಬಿದ್ದ ಕಡೆ ಎರಡು ಲೋಹ ಒತ್ತಿಕೊಂಡಿರುತ್ತವೆ, ಗ್ರೀಸ್ ಹೋಗುವುದಿಲ್ಲ. ಭಾರ ಎತ್ತಿದರೆ ಹೋಗುತ್ತದೆ. ಚಿಮಟಾಕ್ಕೂ ಇದೇ ಮಾತು. ಡಬಲ್ ಸ್ಟ್ಯಾಂಡ್ ಮೇಲೆ, ಚಕ್ರ ನೆಲ ಬಿಟ್ಟು ಇರುವಾಗ ಗ್ರೀಸ್ ಹೊಡೆಯಿರಿ. ನಡುನಡುವೆ ಯಾರಿಗಾದರೂ ಸೀಟ್ ಹಿಂದೆ ಹಿಡಿದು ಗಾಡಿ ಅಲ್ಲಾಡಿಸಲು ಹೇಳಿ.

ನಿಪ್ಪಲ್ ಅನುಮಾನ ಇದ್ದರೆ ತೆಗೆದು ಚಿಮಣಿ ಎಣ್ಣೆಯಲ್ಲಿ ಅದ್ದಿ, ಸೂಜಿಯಿಂದ ಗುಂಡು ಒತ್ತಿ ನೋಡಿ. ಒತ್ತಿದ್ದು ತಾನೇ ವಾಪಸ್ ಬರಬೇಕು. ಬರದಿದ್ದರೆ ಹೊಸದು ಹಾಕಿ. ಒಂದು ಪ್ಲೇಟ್ ಸುಸಲಾ ಮಿರ್ಚಿಯ ದುಡ್ಡಿಗೆ ಸಿಗುತ್ತದೆ.

ಪ್ರಶ್ನೆ: ನಾನು ಪರಸಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸ ಮಾಡುತ್ತೇನೆ. ಗಾಡಿಗೆ ದಿನಾ ಕಲ್ಲಿನ ಪುಡಿ, ಕೆಸರು. ವಾರಕ್ಕೊಮ್ಮೆ ಪ್ರೆಶರ್ ನೀರಿನಲ್ಲಿ ತೊಳೆಸುತ್ತೇನೆ. ಚಿಮಟಾಕ್ಕೆ ಯಾವ ಗ್ರೀಸ್, ಎಷ್ಟು ದಿನಕ್ಕೊಮ್ಮೆ?
(ಓದುಗರು, ಶಹಾಬಾದ್)

ತಮ್ಮಾ, ವಾರವಾರ ತೊಳೆಸುವುದು ಒಳ್ಳೆಯದೇ, ಆದರೆ ಆ ನೀರಿನ ಪೈಪನ್ನು ಚಿಮಟಾದ ಕೀಲಿನ ಕಡೆ ಹಿಡಿಯಬೇಡ ಅಂತ ಹುಡುಗನಿಗೆ ಹೇಳು. ಆ ಒತ್ತಡದ ನೀರು ವಾಷರ್ ಸಂದಿಯಿಂದ ಗ್ರೀಸನ್ನು ದಾಟಿ ಒಳಗೆ ಹೋಗುತ್ತದೆ, ಪುಡಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ತಾನಾಗಿ ಹೊರಗೆ ಬರುವುದಿಲ್ಲ. ಕೀಲಿನ ಹತ್ತಿರ ಬ್ರಶ್, ಚಿಮಣಿ ಎಣ್ಣೆ, ಹಳೇ ಬಟ್ಟೆ ಸಾಕು. ತೊಳೆಸಿದ ಸಂಜೆಯೇ ಎರಡೂ ಕಡೆ ಉಂಗುರ ಕಾಣುವಷ್ಟು ಹೊಸ ಗ್ರೀಸ್ ಹಾಕು, ಒಳಗೆ ಸೇರಿದ ನೀರನ್ನು ಅದು ಹೊರಗೆ ತಳ್ಳುತ್ತದೆ.

ಗ್ರೀಸ್ ಡಬ್ಬದ ಮೇಲೆ ಲಿಥಿಯಂ, ಎನ್‌ಎಲ್‌ಜಿಐ 2 (ಗ್ರೀಸ್ ಎಷ್ಟು ಗಟ್ಟಿ ಅನ್ನುವ ನಂಬರ್) ಅಂತ ಇದ್ದರೆ ಸರಿ. ಇ.ಪಿ. ಅಂತಲೂ ಇದ್ದರೆ ಇನ್ನೂ ಚೆನ್ನ, ಭಾರ ತಡೆಯುತ್ತದೆ. ಬೇರೆ ಜಾತಿಯ ಗ್ರೀಸ್ ಒಂದರ ಮೇಲೊಂದು ತುಂಬಬೇಡ. ಕೆಲವು ಒಂದಕ್ಕೊಂದು ಹೊಂದುವುದಿಲ್ಲ, ಬೆರೆತರೆ ನೀರಾಗಿ ಸೋರುತ್ತವೆ. ಬದಲಿಸುವುದಾದರೆ ಬಿಚ್ಚಿ ತೊಳೆದು ಬದಲಿಸು.

ನಿನ್ನ ಹಾಗೆ ದಿನಾ ಧೂಳಿನಲ್ಲಿ ಓಡಿಸುವವರು ತೊಳೆಸದಿದ್ದರೂ 15 ದಿನಕ್ಕೊಮ್ಮೆ ಹಾಕಲಿ. ಮನೆಯಲ್ಲಿಟ್ಟು ಭಾನುವಾರ ಮಾತ್ರ ತೆಗೆಯುವವರಿಗೆ ವರ್ಷಕ್ಕೆ ಎರಡು ಸಲ ಸಾಕು, ಮಿರ್ಗ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ನಮ್ಮ ಕಡೆಯ ಕರಿ ಮಣ್ಣು ಕೀಲಿಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿಂದಲೇ ತುಕ್ಕು. ಬೀದರ್ ಕಡೆ ಕೆಂಪು ಮುರುಮ್ ಬೇರೆ ಥರ. ಅದು ತೇವ ಹಿಡಿಯುವುದು ಕಡಿಮೆ, ಆದರೆ ಹರಳು ಹರಳು. ಗ್ರೀಸ್ ಜೊತೆ ಸೇರಿ ಸಾಣೆ ಹಿಡಿಯುತ್ತದೆ. ಆದ್ದರಿಂದ ಹೊರಗೆ ಬಂದ ಗ್ರೀಸನ್ನು ಅಲ್ಲೇ ಬಿಡಬೇಡ. ತೆಳ್ಳಗೆ ಒಂದು ಉಂಗುರ ಬಿಟ್ಟು ಉಳಿದದ್ದು ಒರೆಸು.

ಪ್ರಶ್ನೆ: ಯೆಜ್ದಿ ಚಿಮಟಾದ ಪಿನ್ ಹೊರಗೆ ಬರುತ್ತಿಲ್ಲ. ದೊಡ್ಡ ಸುತ್ತಿಗೆಯಿಂದ ಹೊಡೆದರೂ ಅಲ್ಲಾಡಿಲ್ಲ. ಕತ್ತರಿಸಿಬಿಡಲಾ?
(ಓದುಗರು, ಭಾಲ್ಕಿ)

ಅಣ್ಣಾರೇ, ದಯವಿಟ್ಟು ಸುತ್ತಿಗೆ ಕೆಳಗಿಡಿ. ಯೆಜ್ದಿಯಲ್ಲಿ ಪಿನ್ ಫ್ರೇಮಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಹೊಡೆದಷ್ಟೂ ಅದರ ತುದಿ ಅಣಬೆಯ ಹಾಗೆ ಅರಳುತ್ತದೆ. ಅರಳಿದ ತುದಿ ತೂತಿನಿಂದ ದಾಟುವುದಿಲ್ಲ, ದಾಟಿದರೂ ಫ್ರೇಮಿನ ತೂತು ಹಿಗ್ಗಿಸಿ ದಾಟುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಪಿನ್, ಬುಶ್ ಮಾಡಿಸಬಹುದು. ಆ ಕಾಲದ ಫ್ರೇಮ್ ಎಲ್ಲಿಂದ ತರುತ್ತೀರಿ?

ಮೊದಲು ಅರಳಿದ ತುದಿಯನ್ನು ಅರ ಹಾಕಿ ಸರಿ ಮಾಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎರಡೂ ಕಡೆ ಸಂದಿಗೆ ಹಾಕಿ. ಸ್ಪ್ರೇ ಇಲ್ಲದಿದ್ದರೆ ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಹಾಕಿ. ಐದಾರು ದಿನ ಸಂಜೆ ಸಂಜೆ ಹಾಕುತ್ತಾ, ಚಿಮಟಾವನ್ನು ಮೇಲೆ ಕೆಳಗೆ ಆಡಿಸುತ್ತಾ ಇರಿ. ಆಮೇಲೆ ಪಿನ್ನಿಗಿಂತ ಸ್ವಲ್ಪ ಅಗಲದ ಪೈಪ್ ತುಂಡು ಒಂದು ಕಡೆ ಇಟ್ಟು, ಉದ್ದ ಚೂಡಿ ರಾಡು (ಉದ್ದಕ್ಕೂ ತಿರುಪು ಇರುವ ರಾಡು), ನಟ್, ವಾಷರ್ ಹಾಕಿ ಪಾನಾದಿಂದ ಎಳೆಯಿರಿ, ಬಾವಿಯಿಂದ ಹಗ್ಗ ಎಳೆದ ಹಾಗೆ ಒಂದೇ ಸಮ. ಅಷ್ಟಕ್ಕೂ ಬರದಿದ್ದರೆ ಟ್ಯಾಂಕ್, ಪೆಟ್ರೋಲ್ ಪೈಪ್ ಎಲ್ಲಾ ದೂರ ಇಟ್ಟು, ಬರಿ ಫ್ರೇಮನ್ನು ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ಕತ್ತರಿಸುವುದು ಎಲ್ಲಾ ಮುಗಿದ ಮೇಲೆ.

ಹೊಸ ಪಿನ್ ಹಾಕುವಾಗ ಫ್ರೇಮಿನಲ್ಲಿ ಕೂರುವ ಭಾಗಕ್ಕೂ ತೆಳ್ಳಗೆ ಗ್ರೀಸ್ ಸವರಿ. ಮುಂದೆ ಬಿಚ್ಚುವವರು ನಿಮ್ಮನ್ನು ನೆನೆಸುತ್ತಾರೆ.

ಪ್ರಶ್ನೆ: ನನ್ನ ಗಾಡಿಯ ಚಿಮಟಾದಲ್ಲಿ ನಿಪ್ಪಲ್ ಇಲ್ಲ. ಬಿಚ್ಚಿದಾಗ ಬುಶ್ ಸುತ್ತ ರಬ್ಬರ್ ಕಂಡಿತು. ಅದಕ್ಕೂ ಚೆನ್ನಾಗಿ ಗ್ರೀಸ್ ತುಂಬಿದ್ದೇನೆ. ಸರಿ ಅಲ್ವಾ?
(ಓದುಗರು, ಕಲಬುರಗಿ)

ಸರ್, ಅದನ್ನು ಇವತ್ತೇ ಒರೆಸಿ ತೆಗೆಯಿರಿ. ಅದು ರಬ್ಬರ್ ಬುಶ್. ಅಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಒಳಗಿನ ಕೊಳವೆ ಫ್ರೇಮಿಗೆ ಕಚ್ಚಿರುತ್ತದೆ, ಹೊರಗಿನದು ಚಿಮಟಾಕ್ಕೆ. ನಡುವಿನ ರಬ್ಬರ್ ತಿರುಚಿಕೊಂಡು ಆಡುತ್ತದೆ. ಗ್ರೀಸ್ ತಗುಲಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬೋಲ್ಟಿನ ಮೇಲೆ ಮಾತ್ರ ತುಕ್ಕು ಹಿಡಿಯದಂತೆ ತೆಳ್ಳಗೆ ಸವರಬಹುದು.

ಇನ್ನೊಂದು ಮಾತು, ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ರಬ್ಬರ್ ಬುಶ್ ಇರುವ ಚಿಮಟಾದ ನಟ್ಟನ್ನು ಡಬಲ್ ಸ್ಟ್ಯಾಂಡ್ ಮೇಲೆ ಪೂರ್ತಿ ಬಿಗಿಯಬಾರದು. ಗಾಡಿ ನೆಲಕ್ಕೆ ಇಳಿಸಿ, ಒಬ್ಬರನ್ನು ಮೇಲೆ ಕೂರಿಸಿ, ಆಮೇಲೆ ಬಿಗಿಯಿರಿ. ಚಿಮಟಾ ಜೋತಾಡುತ್ತಿರುವಾಗ ಬಿಗಿದರೆ ನೀವು ಕೂತ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಪ್ರಶ್ನೆ: ಬಿಸಿಲುಗಾಲದಲ್ಲಿ ಗ್ರೀಸ್ ಕರಗಿ ಹೋಗುತ್ತದೆ, 140 ನಂಬರ್ ಗೇರ್ ಆಯಿಲ್ ಹಾಕು ಅಂತ ಗೆಳೆಯ ಹೇಳುತ್ತಾನೆ. ಹಾಕಲಾ?
(ಓದುಗರು, ಸೇಡಂ)

ಬೇಡ. ನಮ್ಮಲ್ಲಿ ಬಿಸಿಲು 44 ಡಿಗ್ರಿ ಮುಟ್ಟಿದರೂ ಲಿಥಿಯಂ ಗ್ರೀಸ್ ಕರಗುವುದು 180 ಡಿಗ್ರಿ ಆಸುಪಾಸಿನಲ್ಲಿ. ನಿಮ್ಮ ಗೆಳೆಯರ ಮಾತು ಸುಳ್ಳಲ್ಲ, ಬೇರೆ ಗಾಡಿಯದ್ದು. ಇಂಗ್ಲೆಂಡಿನ ನಾರ್ಟನ್ ಕಮಾಂಡೋದಲ್ಲಿ ಚಿಮಟಾಕ್ಕೆ 140 ಆಯಿಲ್ಲೇ ಹಾಕಬೇಕು, ಅದರ ಬುಶ್ ಎಣ್ಣೆ ಹೀರಿಕೊಳ್ಳುವ ಜಾತಿಯದ್ದು. ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಹಿಡಿದಿಟ್ಟುಕೊಂಡಿರುತ್ತದೆ. ಗ್ರೀಸ್ ಹಾಕಿದರೆ ರಂಧ್ರ ಮುಚ್ಚುತ್ತವೆ. ನಿಮಗೆ ಯಾರಾದರೂ ಅಂಥ ಬುಶ್ ಕೊಟ್ಟಿದ್ದರೆ ಸ್ವಲ್ಪ ಬಿಸಿ ಮಾಡಿ ನೋಡಿ, ಮೈಮೇಲೆ ಬೆವರಿನ ಹಾಗೆ ಎಣ್ಣೆ ಮೂಡುತ್ತದೆ. ಗಟ್ಟಿ ಕಂಚಿನ ಬುಶ್‌ಗೆ ಗ್ರೀಸೇ ಇರಲಿ.

ಪ್ರಶ್ನೆ: ನಮ್ಮಜ್ಜ ಹಾಲಿನ ಕ್ಯಾನ್ ಹೇರುತ್ತಿದ್ದ ರಾಜದೂತ್ ಈಗ ನನ್ನ ಕೈಗೆ ಬಂದಿದೆ ಕಾಕಾ. ಚಿಮಟಾದ ನಿಪ್ಪಲ್ ಮುರಿದು, ಆ ಜಾಗಕ್ಕೆ ಯಾರೋ ವೆಲ್ಡಿಂಗ್ ಮಾಡಿ ಮುಚ್ಚಿದ್ದಾರೆ. ಹೊಸ ತೂತು ಕೊರೆಸಲಾ? ಕಾಲೇಜಿಗೆ ಇದರಲ್ಲೇ ಹೋಗಬೇಕು ಅಂತ ಆಸೆ.
(ವಿದ್ಯಾರ್ಥಿನಿ, ಯಾದಗಿರಿ)

ತಂಗಿ, ಕೊರೆಸಬಹುದು, ಆದರೆ ಜೋಡಿಸಿದ ಗಾಡಿಯ ಮೇಲೆ ಮಾತ್ರ ಬೇಡ. ಕೊರೆದ ಕಬ್ಬಿಣದ ಚೂರು ಒಳಗೆ ಬಿದ್ದರೆ ಬುಶ್ ಮುಗಿದ ಹಾಗೆ. ಚಿಮಟಾ ಪೂರ್ತಿ ಬಿಚ್ಚಿ, ಬುಶ್ ತೆಗೆದು, ಅಡ್ಡ ಕೊಳವೆಯ ನಟ್ಟನಡುವೆ, ವೆಲ್ಡಿಂಗ್ ಗೆರೆಗಳಿಂದ ದೂರ ಒಂದೇ ತೂತು ಕೊರೆಸು. ಗನ್ನಿನ ಬಾಯಿ ಹೋಗುವಷ್ಟು ಜಾಗ ಎದುರಿಗೆ ಇದೆಯಾ ಅಂತ ಮೊದಲೇ ನೋಡಿಕೋ. ಆಮೇಲೆ ಒಳಗೆಲ್ಲಾ ತೊಳೆದು, ಬಿಳಿ ಬಟ್ಟೆ ಹಾಯಿಸಿ, ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವ ತನಕ ಒರೆಸು.

ಹಾಲಿನ ಗಾಡಿ ಅಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. ವರ್ಷಗಟ್ಟಲೆ ಕ್ಯಾನ್ ಭಾರ ಹೊತ್ತ ಚಿಮಟಾ ತಿರುಚಿರಬಹುದು. ಬಿಚ್ಚಿದಾಗ ಬುಶ್ ಒಳಗೆ ಒಂದು ನೇರ ರಾಡು, ಹಿಂದಿನ ಆಕ್ಸಲ್ ಜಾಗದಲ್ಲಿ ಇನ್ನೊಂದು ರಾಡು ಹಾಕಿ, ಚಿಮಟಾವನ್ನು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡು. ಎರಡೂ ರಾಡು ಒಂದಕ್ಕೊಂದು ಸಮ ಕಾಣಬೇಕು. ಓರೆ ಕಂಡರೆ ಗ್ರೀಸ್‌ನಿಂದ ಸರಿಹೋಗುವುದಿಲ್ಲ, ಫ್ರೇಮ್ ಸರಿಮಾಡುವವರ ಹತ್ತಿರ ಒಯ್ಯಬೇಕು. ವೆಲ್ಡಿಂಗ್ ಗೆರೆಗಳ ಪಕ್ಕ ಬಣ್ಣ ಕೆರೆದು ಬಿರುಕು ಇದೆಯಾ ಅಂತಲೂ ನೋಡು. ಬಣ್ಣದ ಮೇಲೆ ತುಕ್ಕಿನ ತೆಳು ಗೆರೆ ಕಂಡರೆ ಅದರ ಕೆಳಗೆ ಬಿರುಕು ಇರುವ ಸಂಭವ ಜಾಸ್ತಿ. ಅದು ಸರಿಯಾಗುವ ತನಕ ಗಾಡಿ ರಸ್ತೆಗೆ ತೆಗೆಯಬೇಡ. ರಾಡು ಹಿಡಿದಾಗ ಏನು ಕಂಡಿತು ಅಂತ ನನಗೆ ಬರಿ, ಮುಂದಿನ ಸಂಚಿಕೆಯಲ್ಲಿ ಅಲ್ಲಿಂದಲೇ ಶುರು ಮಾಡೋಣ.